ಹದಿನೇಳು ಗಂಟೆಯ ಹಾದಿ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ಎಷ್ಟು ದೂರ? ಗೋಡೆಯ ಮೇಲಿನ ಭೂಪಟವನ್ನು ನಂಬಿ, ಪೆಸಿಫಿಕ್ ಸಾಗರದ ಮೇಲೆ ನೇರವಾಗಿ ಎಳೆದ ಗೆರೆಯನ್ನೇ ಹಿಡಿದು ಹೊರಟವನು 16,000 ಕಿಲೋಮೀಟರುಗಳನ್ನು ಕ್ರಮಿಸಬೇಕಾದೀತು. ಆದರೆ ಭೂಗೋಳದ ಮೇಲೆ ಅವೇ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಬೇಕು. ದಾರವು ಸಾಗರವನ್ನು ತೊರೆದು ಉತ್ತರಕ್ಕೇರುತ್ತದೆ. ಹಿಮಾಲಯ, ಟಿಬೆಟ್, ಸೈಬೀರಿಯಗಳನ್ನು ದಾಟಿ ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಅದರ ಅಳತೆ ಸುಮಾರು 14,000 ಕಿಲೋಮೀಟರು. ಭೂಮಿ ದುಂಡಗಿದೆಯೆಂದು ಬಾಯಿಪಾಠ ಮಾಡಿದವರಿಗೂ ದಾರ ಹಿಡಿಯುವ ತನಕ ಆ ಮಾತಿನ ಅರ್ಥ ಹೊಳೆಯುವುದಿಲ್ಲ.

ಆದರೆ ವಿಮಾನವು ದಾರದಂತೆ ನಿಶ್ಚಿಂತವಾಗಿ ಸಾಗಲಾರದು. ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರು ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ, ಗಂಟೆಗೆ ಅನೇಕ ವೇಳೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಗಾಳಿಯ ಹೊಳೆಗಳು ಹರಿಯುತ್ತಿರುತ್ತವೆ. ಜೊತೆಗೆ ಹೋಗುವವನಿಗೆ ಅವು ಬಂಧು, ಎದುರಾಗುವವನಿಗೆ ವೈರಿ. ಟಿಬೆಟ್ಟಿನ ತೊಡಕು ಬೇರೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ, ಪ್ರಯಾಣಿಕರ ಉಸಿರಿಗಾಗಿ ಸುಮಾರು ಮೂರು ಸಾವಿರ ಮೀಟರುಗಳ ಎತ್ತರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ನಾಲ್ಕೂವರೆ ಸಾವಿರ ಮೀಟರು ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ?

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟಿತು. ಎಲ್ಲಿಯೂ ತಂಗದೆ ಈ ಎರಡು ನಗರಗಳನ್ನು ಕೂಡಿಸುವ ವಿಮಾನಸೇವೆಗೆ ಅದೇ ನಾಂದಿ. ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಅವರ ಮೂವರು ಸಂಗಡಿಗರು, ಚಾಲಕರ ಕೋಣೆಯಲ್ಲಿದ್ದ ನಾಲ್ವರೂ, ಮಹಿಳೆಯರು. ಅವರು ಉತ್ತರ ಧ್ರುವದ ಮೇಲಿನ ಹಾದಿಯನ್ನು ಹಿಡಿದರು. ಜನವರಿಯಲ್ಲಿ ಅಲ್ಲಿ ಹಗಲೆಂಬುದಿಲ್ಲ. ಕಾಂತಸೂಜಿಯನ್ನು ನೆಚ್ಚುವಂತಿಲ್ಲ. ಹೊರಗಿನ ಚಳಿಗೆ ರೆಕ್ಕೆಗಳೊಳಗಿನ ಇಂಧನ ಹೆಪ್ಪುಗಟ್ಟೀತೆಂದು ಅದರ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರಬೇಕು. ಆಪತ್ತು ಒದಗಿದರೆ ಇಳಿಯಲು ನಿಲ್ದಾಣಗಳೂ ವಿರಳ. ದಾರದ ಹಾದಿಗಿಂತ ಎರಡು ಸಾವಿರದಷ್ಟು ಹೆಚ್ಚು, ಅಂದರೆ ಸುಮಾರು 16,000 ಕಿಲೋಮೀಟರು ಹಾರಿ, ಹೆಚ್ಚುಕಡಿಮೆ ಹದಿನೇಳು ಗಂಟೆಗಳಲ್ಲಿ ಅವರು ಬೆಂಗಳೂರನ್ನು ಸೇರಿದರು.

ಹೊರಟದ್ದು ಶನಿವಾರ ರಾತ್ರಿ. ಇಳಿದದ್ದು ಸೋಮವಾರದ ಬೆಳಗಿನ ಜಾವ. ನಡುವಣ ಭಾನುವಾರವನ್ನು ಯಾರು ಕದ್ದರು? ಚಳಿಗಾಲದಲ್ಲಿ ಎರಡು ಊರುಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಗಳ ಅಂತರ. ಬರುವವನು ಕಳೆದುಕೊಂಡದ್ದನ್ನು ಹೋಗುವವನು ಪಡೆಯುತ್ತಾನೆ: ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದವನು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿದಿರುತ್ತಾನೆ!

ಆದರೆ ಊರಿನಲ್ಲಿ ತಂದೆ ಆಸ್ಪತ್ರೆ ಸೇರಿದ ಸುದ್ದಿ ಕೇಳಿ ಹೊರಟ ಮಗನಿಗೆ ಈ ಚಮತ್ಕಾರ ರುಚಿಸೀತೆ? ನಡುದಾರಿಯಲ್ಲಿ ವಿಮಾನ ಬದಲಿಸಲು ಕಾಯುವ ನಾಲ್ಕು ಗಂಟೆಗಳು ಅವನಿಗೆ ನಾಲ್ಕು ಸಾವಿರ ಮೈಲಿಗಳಿಗಿಂತಲೂ ಉದ್ದ. ಅವನ ಮೊಬೈಲಿನಲ್ಲಿ ತಾಯಿಯ ಮುಖ ಅರೆಕ್ಷಣದಲ್ಲಿ ಮೂಡುತ್ತದೆ, ನಿಜ. ಮಂಚದ ಪಕ್ಕದಲ್ಲಿ ಕುಳಿತು ಕೈಹಿಡಿಯಲು ಮಾತ್ರ ಆ ಹದಿನೇಳು ಗಂಟೆಗಳನ್ನು ಕಳೆದೇ ತೀರಬೇಕು. ತಾಯಿಗೂ ಕಿಲೋಮೀಟರುಗಳ ಲೆಕ್ಕ ಬೇಡ. ಮಗ ವಿಮಾನವೇರಿದನೆಂದು ತಿಳಿದೊಡನೆ ಆಕೆ ಅಕ್ಕಿ, ಉದ್ದು ನೆನೆಹಾಕುತ್ತಾಳೆ. ಸಂಜೆ ರುಬ್ಬಿಟ್ಟರೆ, ಅವನು ಮನೆ ಸೇರುವ ಹೊತ್ತಿಗೆ ದೋಸೆಯ ಹಿಟ್ಟು ಹದವಾಗಿ ಉಬ್ಬಿರುತ್ತದೆ.