ಹೊಸ ನೀರಿಗೆ ಬಂದ ಜೋಡಿ

ಮೀನು ಎಂದರೆ ಮಂಗಳೂರಿನವರಿಗೆ ಮೊದಲು ನೆನಪಾಗುವುದು ಬಂಗುಡೆ, ಬೂತಾಯಿ. ಸಾಕುವ ಮೀನು ಎಂದರೆ ಚಿನ್ನದ ಮೀನು. ಕರಾವಳಿಯ ಹಿನ್ನೀರಿನಲ್ಲೇ ಬದುಕುವ, ಅಂಗೈಗಿಂತ ಚಿಕ್ಕದಾದ ಹಳದಿ-ಕಿತ್ತಳೆ ಬಣ್ಣದ ಮೀನೊಂದನ್ನು ಗುರುತಿಸುವವರು ಕಡಿಮೆ. ಅದಕ್ಕೆ ಇಂಗ್ಲಿಷಿನಲ್ಲಿ ಆರೆಂಜ್ ಕ್ರೋಮೈಡ್ ಎಂದು ಹೆಸರು. ಹೆಚ್ಚೆಂದರೆ 8 ಸೆಂಟಿಮೀಟರ್ ಬೆಳೆಯುವ ಇದು ಸಿಕ್ಲಿಡ್ ಎಂಬ ದೊಡ್ಡ ಕುಟುಂಬದ ಕುಳ್ಳ ಸದಸ್ಯ.

ಸಿಕ್ಲಿಡ್‌ಗಳಲ್ಲಿ 1,600ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಆಫ್ರಿಕ ಮತ್ತು ಅಮೆರಿಕ ಖಂಡಗಳವು. ಭಾರತದ ಮೂಲ ನಿವಾಸಿಗಳು ಮೂರೇ. ಕೇರಳದವರ ಅಚ್ಚುಮೆಚ್ಚಿನ ಕರಿಮೀನು ಒಂದು, ಈ ಕಿತ್ತಳೆ ಬಣ್ಣದ್ದು ಇನ್ನೊಂದು. ಮೂರನೆಯದು ನೇತ್ರಾವತಿ, ಕುಮಾರಧಾರಾ ನದಿಗಳದ್ದು. 1877ರಲ್ಲಿ ಫ್ರಾನ್ಸಿಸ್ ಡೇ ಅದನ್ನು ವಿವರಿಸಿ, ನಮ್ಮ ಜಿಲ್ಲೆಯ ಹೆಸರನ್ನೇ ಸೇರಿಸಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಕರೆದ. ಅದು ಈಗ ಅಳಿವಿನ ಭೀತಿಯಲ್ಲಿರುವ ಮೀನು. ನದಿಯಿಂದ ಹಿಡಿದು ತೊಟ್ಟಿಗೆ ತುಂಬುವುದು ಸಲ್ಲದು. ನಾನು ತಂದದ್ದು ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕಿತ್ತಳೆ ಜೋಡಿಯನ್ನು.

ಮೀನು ತರುವ ಆರು ವಾರ ಮೊದಲೇ ತೊಟ್ಟಿ ಸಿದ್ಧವಾಗಿತ್ತು. ಎರಡೂವರೆ ಅಡಿ ಉದ್ದ, ಸುಮಾರು ನೂರು ಲೀಟರ್ ನೀರು. ತುಂಬೆಯಿಂದ ಬರುವ ನಳ್ಳಿನೀರಿನಲ್ಲಿ ಕ್ಲೋರಿನ್ ಇರುವುದರಿಂದ ಬಾವಿಯ ನೀರನ್ನೇ ತುಂಬಿಸಿದೆ. ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. "ಮೀನೇ ಇಲ್ಲದ ನೀರಿಗೆ ಊಟ ಬಡಿಸುತ್ತೀರಲ್ಲ!" ಎಂದು ನನ್ನಾಕೆ ನಕ್ಕಳು. ಉಣ್ಣುವವರು ಇದ್ದರು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ. ಕೊಳೆತ ಆಹಾರದಿಂದಲೂ ಮೀನಿನ ಮಲದಿಂದಲೂ ಅಮೋನಿಯಾ ಹುಟ್ಟುತ್ತದೆ; ಮೀನಿಗೆ ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತದೆ. ಈ ಜೀವಿಗಳು ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಪುಸ್ತಕದಲ್ಲಿ 'ಸಾರಜನಕ ಚಕ್ರ' ಎಂದು ಬಾಣ ಎಳೆದು ಬಾಯಿಪಾಠ ಮಾಡುತ್ತೇವಲ್ಲ, ಅದೇ ಇದು.

ಅದೇ ಜೂನ್‌ನಲ್ಲಿ ನಮ್ಮ ಮನೆಗೆ ಮತ್ತೊಬ್ಬ ಹೊಸಬನೂ ಬಂದ. ಹುಬ್ಬಳ್ಳಿಯಲ್ಲಿರುವ ತಂಗಿಯ ಮಗ, ಪಿಯುಸಿ ವಿಜ್ಞಾನ ಓದಲು. ಮಂಗಳೂರಿನ ಮಳೆ, ಕುಚ್ಚಲಕ್ಕಿ ಅನ್ನ, ಬಸ್ಸಿನಲ್ಲಿ ತುಳು, ತರಗತಿಯಲ್ಲಿ ಇಂಗ್ಲಿಷ್; ಯಾವುದೂ ಅವನಿಗೆ ಒಗ್ಗಲಿಲ್ಲ. ಕಾಲೇಜಿನಿಂದ ಬಂದವನೇ ಕೋಣೆ ಸೇರುತ್ತಿದ್ದ. ಎರಡನೆಯ ವಾರ ಊಟದ ತಟ್ಟೆಯ ಮುಂದೆ ಕೂತು, "ಮಾಮಾ, ನಾನು ಊರಿಗೆ ಹೋಗತೀನ್ರೀ" ಎಂದ. ಶುಲ್ಕ ಕಟ್ಟಿಯಾಗಿತ್ತು. ಅಪ್ಪ ಅಮ್ಮ ದಿನಕ್ಕೆರಡು ಸಲ ಫೋನ್ ಮಾಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಟೆಸ್ಟ್ ಹೇಗಾಯಿತು?"

ಮರುದಿನ ಸಂಜೆ ಮೀನು ತರಲು ಅವನನ್ನೂ ಕರೆದೊಯ್ದೆ. ಈ ಮೀನಿನಲ್ಲಿ ಗಂಡು ಹೆಣ್ಣು ನೋಡಲು ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಾವೇ ಎರಡನ್ನು ಆರಿಸಿ ಗಂಟು ಹಾಕುವುದಕ್ಕಿಂತ, ಗುಂಪಿನಲ್ಲಿ ತಾವಾಗಿ ಜೊತೆಯಾಗಿ, ಒಂದು ಮೂಲೆ ಹಿಡಿದು, ಉಳಿದವನ್ನು ದೂರ ಓಡಿಸುವ ಜೋಡಿಯನ್ನು ತರುವುದು ಒಳ್ಳೆಯದು. ಅಂಥದ್ದೊಂದು ಸಿಕ್ಕಿತು.

ಮನೆಗೆ ಬಂದ ಮೇಲೆ ಚೀಲವನ್ನು ಹಾಗೆಯೇ ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟೆವು, ಉಷ್ಣತೆ ಸಮನಾಗಲೆಂದು. ಅಂಗಡಿಯವರು ನೀರಿಗೆ ಸ್ವಲ್ಪ ಉಪ್ಪು ಬೆರೆಸಿದ್ದರು, ನಮ್ಮದು ಸಿಹಿನೀರು. ಮೀನು ಎರಡರಲ್ಲೂ ಬದುಕಬಲ್ಲದು, ಆದರೆ ಒಂದರಿಂದ ಇನ್ನೊಂದಕ್ಕೆ ನೆಗೆಯಲಾರದು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಗಾಳಿಯ ಕೊಳವೆಗೊಂದು ಗಂಟು ಹಾಕಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಇಳಿಸಿದೆವು. ಒಂದೂವರೆ ಗಂಟೆ ಹಿಡಿಯಿತು. ಹುಡುಗ ಬಕೆಟ್ ಬಿಟ್ಟು ಏಳಲಿಲ್ಲ.

ಮೊದಲ ದಿನ ದೀಪ ಹಾಕಲಿಲ್ಲ, ಗಾಜು ತಟ್ಟಲಿಲ್ಲ. ಮೀನುಗಳು ತೆಂಗಿನ ಗೆರಟೆಯ ಅಡಿ ಸೇರಿದವು. ಮೂರನೆಯ ದಿನ ದೊಡ್ಡದು ಚಿಕ್ಕದನ್ನು ಅಟ್ಟತೊಡಗಿತು. ಚಿಕ್ಕದರ ಬಣ್ಣ ಮಸುಕಾಯಿತು, ಆಹಾರ ಮುಟ್ಟಲಿಲ್ಲ. "ಮಾಮಾ, ಇದು ಸಾಯತದೇನ್ರೀ?" ಎಂದ ಹುಡುಗ. ಅವನ ದನಿ ಕೇಳಿ ನನ್ನಾಕೆ ಅಡುಗೆಮನೆಯಿಂದ ಹೊರಗೆ ಬಂದಳು.

ಜಾಗ ಬದಲಾದಾಗ ಸಿಕ್ಲಿಡ್‌ಗಳ ಜೋಡಿಯಲ್ಲೂ ಹೀಗೆ ಕಲಹ ಹುಟ್ಟುತ್ತದೆ. ಒಂದು ಇನ್ನೊಂದರ ಕಣ್ಣಿಗೆ ಬೀಳದಂತೆ ಮರೆ ಬೇಕು. ಮತ್ತೊಂದು ಗೆರಟೆಯನ್ನು ಕುದಿಸಿ ಇನ್ನೊಂದು ತುದಿಯಲ್ಲಿಟ್ಟು, ನಡುವೆ ಕಲ್ಲು ಜೋಡಿಸಿದೆವು. ಅಂಗಡಿಯಲ್ಲಿ ಏನು ತಿನ್ನುತ್ತಿದ್ದವು ಎಂದು ಕೇಳಿ ತಿಳಿದು, ಅದನ್ನೇ ಕೊಟ್ಟೆವು. ಹೊಸ ಆಹಾರ ಆಮೇಲೆ. ನನ್ನಾಕೆಗೂ ಏನನ್ನಿಸಿತೋ, ನಾದಿನಿಗೆ ಫೋನ್ ಮಾಡಿ ಕೇಳಿಕೊಂಡು ಆ ರಾತ್ರಿ ಜೋಳದ ರೊಟ್ಟಿ ತಟ್ಟಿದಳು. ಅಂಚು ಒಡೆದ, ವಕ್ರವಕ್ರವಾದ ರೊಟ್ಟಿ. ಹುಡುಗ ನಾಲ್ಕು ತಿಂದ.

ನಾನು ತಂಗಿಗೆ ಹೇಳಿದೆ: "ಒಂದು ತಿಂಗಳು ಅಂಕದ ಮಾತು ಬೇಡ. ಏನು ಊಟ ಮಾಡಿದೆ, ಯಾರು ಗೆಳೆಯರಾದರು ಅಂತ ಕೇಳು." "ಅಷ್ಟರಲ್ಲಿ ಹಿಂದೆ ಬಿದ್ದರೆ, ಅಣ್ಣಾ?" ಎಂದಳು. ಅವಳ ಭಯ ಸುಳ್ಳಲ್ಲ. ಆದರೆ ಮೂವತ್ತು ವರ್ಷ ಪಾಠ ಮಾಡಿ ನಾನು ಕಂಡದ್ದಿಷ್ಟು: ಊರು ಬಿಟ್ಟು ಬಂದ ಮಕ್ಕಳಲ್ಲಿ ಸೋತವರೆಲ್ಲ ದಡ್ಡರಲ್ಲ. ನೆಲೆಯೂರುವ ಮೊದಲೇ ಹಲವರನ್ನು ಅಳೆದುಬಿಟ್ಟಿರುತ್ತೇವೆ.

ಹತ್ತು ದಿನದಲ್ಲಿ ಚಿಕ್ಕ ಮೀನಿನ ಬಣ್ಣ ಮರಳಿತು. ಆಗಸ್ಟ್‌ನಲ್ಲಿ ಎರಡೂ ಸೇರಿ ಒಂದು ಚಪ್ಪಟೆ ಕಲ್ಲನ್ನು ಬಾಯಿಯಿಂದ ಉಜ್ಜಿ ತೊಳೆದು ಮೊಟ್ಟೆಯಿಟ್ಟವು. ತಂದೆ ತಾಯಿ ಇಬ್ಬರೂ ಸರದಿಯಂತೆ ರೆಕ್ಕೆ ಬೀಸಿ ಮೊಟ್ಟೆಗಳಿಗೆ ನೀರು ಹಾಯಿಸುತ್ತವೆ. ಮರಿಗಳು ಈಜತೊಡಗಿದ ಮೇಲೆ ಹೆತ್ತವರ ಮೈಮೇಲಿನ ಲೋಳೆಯನ್ನು ಕೆರೆದು ತಿನ್ನುತ್ತವೆ. ವಾರ್ಡ್ ಮತ್ತು ಬಾರ್ಲೋ ಎಂಬ ವಿಜ್ಞಾನಿಗಳು 1967ರಲ್ಲಿ ಮರಿಗಳ ಈ ವರ್ತನೆಯ ಬಗ್ಗೆ ದೀರ್ಘವಾಗಿ ಬರೆದಿದ್ದಾರೆ. ಭೌತಶಾಸ್ತ್ರದ ಪಾಠವನ್ನು ಓದಲೊಲ್ಲದ ಹುಡುಗ ಆ ವಿಷಯವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡ.

ಮೊದಲ ಕಿರುಪರೀಕ್ಷೆಯಲ್ಲಿ ಅವನಿಗೆ ಭೌತಶಾಸ್ತ್ರದಲ್ಲಿ 50ಕ್ಕೆ 21 ಬಂದಿತ್ತು. ದಾರಿ ಇನ್ನೂ ದೂರವಿದೆ. ಆದರೆ ಊರಿಗೆ ಹೋಗುವ ಮಾತು ನಿಂತಿದೆ. ಮರಿಗಳು ಈಜಿದ ದಿನ ಅವನೇ ಅಮ್ಮನಿಗೆ ವಿಡಿಯೋ ಕರೆ ಮಾಡಿ ತೊಟ್ಟಿಯ ಮುಂದೆ ಫೋನ್ ಹಿಡಿದ. "ಇವುಗಳಲ್ಲಿ ತಾಯಿ ಯಾವುದೋ?" ಎಂದು ಅವಳು ಕೇಳಿದಳು. "ಸ್ವಲ್ಪ ಸುಮ್ಮನ ನೋಡವ್ವಾ, ತಿಳೀತದ" ಎಂದ. ಅರ್ಧ ಗಂಟೆ ಇಬ್ಬರೂ ಮೀನಿನ ಮಾತನ್ನೇ ಆಡಿದರು.