ಕಣ್ಣಿಗೆ ಕಾಣದ ಬೇಸಿಗೆ 25 ಸಾವಿರ ಸುರಿಯಲೇ?

ನಿಮಗೊಂದು ಪ್ರಶ್ನೆ. 1981ರ ‘ಗೀತಾ’ ಚಿತ್ರದ ಹಾಡು ಎಲ್ಲಾದರೂ ಕೇಳಿಬಂದರೆ ಇವತ್ತಿಗೂ ನಿಮ್ಮ ಕಾಲು ತಾನಾಗಿಯೇ ಕುಣಿಯುತ್ತದಲ್ಲ, ಕುಣಿಸುವವರು ಯಾರು? ಶಂಕರ್‌ನಾಗ್ ಅಂತೀರಿ. ಎಸ್.ಪಿ.ಬಿ. ಅಂತೀರಿ. ಸ್ವಲ್ಪ ತಿಳಿದವರು ಇಳಯರಾಜಾ ಅಂತೀರಿ. ಎಲ್ಲಾ ಸರಿ ಸ್ವಾಮಿ! ಆದರೆ ಹಾಡಿನ ಅಡಿಯಲ್ಲಿ, ನೆಲಮಾಳಿಗೆಯಲ್ಲಿ ಯಾರೋ ಓಡಾಡಿದ ಹಾಗೆ ಗುಂ ಗುಂ ಅಂತ ನಡೆಯುತ್ತದಲ್ಲ ಒಂದು ಸದ್ದು, ಅದರ ಹೆಸರು ಯಾರೂ ಹೇಳುವುದಿಲ್ಲ. ಅದೇ ಬೇಸ್ ಗಿಟಾರು. ಅದನ್ನು ಕಿತ್ತುಹಾಕಿ ನೋಡಿ, ಹಾಡು ಚಪ್ಪಲಿ ಕಳೆದುಕೊಂಡವನ ಹಾಗೆ ಕುಂಟುತ್ತದೆ.

ಈ ಗುಂ ಗುಂ ಸದ್ದಿಗೇ ಮೂರು ತಿಂಗಳಿಂದ ನನ್ನ ನಿದ್ದೆ ಹಾರಿಹೋಗಿದೆ.

ನಾನು ತುಮಕೂರು ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ... ಹೀಗೆ ನಮ್ಮ ಸೀಸನ್ನು. ಉಳಿದ ದಿನ ರಾತ್ರಿ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಟ್ರ್ಯಾಕ್ ಮಾಡುತ್ತೇನೆ. ಭಕ್ತಿಗೀತೆ, ಕಿರುಚಿತ್ರ, ಒಮ್ಮೊಮ್ಮೆ ಹೊಸಬರ ಸಿನಿಮಾಕ್ಕೆ ಮಾದರಿ ಹಾಡು. ಕಳೆದ ಸಲ ಒಬ್ಬ ಯುವ ನಿರ್ದೇಶಕರು ಹಾಡು ಕೇಳಿ ತಲೆದೂಗಿದರು. ಆಮೇಲೆ, “ಟ್ಯೂನ್ ಸೂಪರ್ ಗುರುವೇ, ಆದ್ರೆ ಕೆಳಗಡೆ ಖಾಲಿ ಖಾಲಿ ಹೊಡೀತಿದೆ” ಅಂದುಬಿಟ್ಟರು. ಕೆಲಸ ಬೇರೆಯವರಿಗೆ ಹೋಯಿತು!

ಕೆಳಗಡೆ ತುಂಬುವ ಮದ್ದು ಏನು ಅಂತ ವಿಚಾರಿಸಿದಾಗ ಎಲ್ಲರ ಬಾಯಲ್ಲೂ ಬಂದ ಹೆಸರು ಒಂದೇ: ‘ಟ್ರಿಲಿಯನ್’. ಅಮೆರಿಕದ ಸ್ಪೆಕ್ಟ್ರಾಸಾನಿಕ್ಸ್ ಕಂಪನಿ 2009ರಲ್ಲಿ ಬಿಟ್ಟ ಬೇಸ್ ಸಾಫ್ಟ್‌ವೇರು. ಈ ಕಂಪನಿಯ ಎರಿಕ್ ಪರ್ಸಿಂಗ್ ಸಾಮಾನ್ಯ ಆಸಾಮಿಯಲ್ಲ. 1987ರಲ್ಲಿ ಬಂದ ರೋಲ್ಯಾಂಡ್ ಡಿ-50 ಕೀಬೋರ್ಡಿನ ಸದ್ದುಗಳನ್ನು ಕಡೆದವರಲ್ಲಿ ಒಬ್ಬರು.

ಇದರ ಗುಟ್ಟು ಇಷ್ಟೇ. ನಿಜವಾದ ಬೇಸ್ ಗಿಟಾರನ್ನು ನಿಜವಾದ ವಾದಕನ ಕೈಗೆ ಕೊಟ್ಟು, ಒಂದೊಂದು ಸ್ವರವನ್ನೂ ಮೆಲ್ಲಗೆ, ಹದವಾಗಿ, ಜೋರಾಗಿ ಮೀಟಿಸಿ ರೆಕಾರ್ಡ್ ಮಾಡಿರುತ್ತಾರೆ. ತಂತಿಯ ಮೇಲೆ ಬೆರಳು ಜಾರಿದ್ದು, ಹೆಬ್ಬೆರಳಿನಿಂದ ಬಡಿದದ್ದು, ತಂತಿ ಬಿಟ್ಟಾಗ ‘ಟಿಕ್’ ಅಂದದ್ದು, ಅದೂ ಸೇರಿದೆ! ನೀವು ಕೀಬೋರ್ಡಿನ ಮನೆ ಒತ್ತಿದರೆ, ಒತ್ತಿದ ಭಾರಕ್ಕೆ ತಕ್ಕ ತುಣುಕು ಡಿಸ್ಕಿನಿಂದ ಎದ್ದು ಬರುತ್ತದೆ. ಒಂದೇ ಸ್ವರವನ್ನು ಎರಡು ಸಲ ಒತ್ತಿದರೆ ಎರಡು ಬೇರೆ ತುಣುಕು, ಯಂತ್ರದ ವಾಸನೆ ಬರಬಾರದಲ್ಲ! ಮರದ ದೊಡ್ಡ ಅಕೌಸ್ಟಿಕ್ ಬೇಸ್, ಎಲೆಕ್ಟ್ರಿಕ್ ಬೇಸ್, ಸಿಂಥ್ ಬೇಸ್, ಮೂರೂ ಜಾತಿ ಒಂದೇ ಪೆಟ್ಟಿಗೆಯಲ್ಲಿ. ತೂಕ ಸುಮಾರು 34 ಜಿಬಿ. ಬೆಲೆ? 299 ಡಾಲರ್. ನಮ್ಮ ಲೆಕ್ಕಕ್ಕೆ 25 ಸಾವಿರದ ಮೇಲೆ.

25 ಸಾವಿರ ಅಂದರೆ ನನಗೆ ಸ್ಟೇಜಿನ ಮೇಲೆ ಹತ್ತು ಹನ್ನೆರಡು ರಾತ್ರಿ. ನನ್ನವಳು ಒಂದೇ ಮಾತು ಕೇಳಿದಳು: “ಅದು ಕೈಯಲ್ಲಿ ಹಿಡಿಯೋ ಸಾಮಾನಾ?” ಅಲ್ಲ ಅಂದೆ. ಮತ್ತೆ ಮಾತಾಡಲಿಲ್ಲ. ಅವಳ ಮಾತಿನಲ್ಲಿ ಹುರುಳಿದೆ. ಗಿಟಾರು ಕೊಂಡರೆ ಕಷ್ಟಕಾಲಕ್ಕೆ ಅರ್ಧ ಬೆಲೆಗಾದರೂ ಹೋಗುತ್ತದೆ. ಸಾಫ್ಟ್‌ವೇರನ್ನು ಎಷ್ಟೋ ಕಂಪನಿಗಳು ಇನ್ನೊಬ್ಬರಿಗೆ ಮಾರಲು ಬಿಡುವುದೇ ಇಲ್ಲ.

ಇನ್ನೂ ಒಂದು ತಮಾಷೆ ಕೇಳಿ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ಕೆಳಗಿನ ಸದ್ದನ್ನು ಮೊಬೈಲ್ ಫೋನಿನ ಪುಟಾಣಿ ಸ್ಪೀಕರ್ ಹೊರಡಿಸಲಾರದು. ಆ ಸ್ವರದ ಮೇಲುಸ್ವರಗಳು ಮಾತ್ರ ಬರುತ್ತವೆ, ಉಳಿದದ್ದನ್ನು ನಮ್ಮ ಕಿವಿಯೇ ಕಲ್ಪಿಸಿಕೊಂಡು ತುಂಬಿಕೊಳ್ಳುತ್ತದೆ. ಜನ ಹಾಡು ಕೇಳುವುದು ಫೋನಿನಲ್ಲಿ, ಅದಕ್ಕೆ ಅಮೆರಿಕದ ಬೇಸ್ ಯಾಕಯ್ಯಾ ಅಂತ ನೀವು ಕೇಳಬಹುದು. ಉತ್ತರ ಇಲ್ಲೇ ಇದೆ. ಆ ಬೆರಳಿನ ಗೀರು, ತಂತಿಯ ‘ಟಿಕ್’ ಇವೆಲ್ಲ ಮೇಲಿನ ಸದ್ದುಗಳು. ಫೋನಿನಲ್ಲಿ ಬೇಸ್ ಇದೆ ಅಂತ ಗೊತ್ತಾಗುವುದು ಅವುಗಳಿಂದಲೇ. ನನ್ನ ಹಳೇ ಕೀಬೋರ್ಡಿನ ಬೇಸಿನಲ್ಲಿ ಬರೀ ‘ಗುಂ’ ಇತ್ತು, ಗೀರು ಇರಲಿಲ್ಲ. ನಿರ್ದೇಶಕರು ಕೇಳಿದ್ದು ಫೋನಿನಲ್ಲೇ!

ಅದಿರಲಿ. ನಿಜವಾದ ತೊಡಕು ದುಡ್ಡಲ್ಲ, ನಮ್ಮ ಬೇಸ್ ಅಣ್ಣ.

ಆರ್ಕೆಸ್ಟ್ರಾದಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ನನಗಿಂತ ಹದಿನೈದು ವರ್ಷ ದೊಡ್ಡವರು. ಸ್ಟೇಜಿನ ಮೇಲೆ ಡ್ರಮ್ಸ್ ಪಕ್ಕ, ಬೆಳಕು ಬೀಳದ ಜಾಗದಲ್ಲಿ ನಿಲ್ಲುತ್ತಾರೆ. ಶಿಳ್ಳೆ ಹೊಡೆದವರು ಯಾರೂ ಅವರನ್ನು ನೋಡಿರಲಿಕ್ಕಿಲ್ಲ. ‘ಪಲ್ಲವಿ ಅನುಪಲ್ಲವಿ’ಯ ಬೇಸ್ ಕೇಳಿ ಕೇಳಿ ಕಲಿತವರು. ಇಳಯರಾಜಾ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದರು ಅನ್ನುವುದನ್ನು ಸ್ವಂತ ಮನೆತನದ ವಿಷಯದ ಹಾಗೆ ಹೆಮ್ಮೆಯಿಂದ ಹೇಳುತ್ತಾರೆ. ರಾಜಾ ಅವರು ಬೇಸಿನ ಸ್ವರವನ್ನೂ ಬರೆದೇ ಕೊಡುತ್ತಾರೆ, ಅದು ಹಿಂದೆ ನಡೆಯುವುದಿಲ್ಲ, ಇನ್ನೊಂದು ಹಾಡನ್ನೇ ಹಾಡುತ್ತಿರುತ್ತದೆ ಅನ್ನುವುದು ಅವರ ವಾದ. ನನಗೂ ಹಾಗೇ ಅನ್ನಿಸುತ್ತದೆ.

ಈಗಿನ ಕಾಲ ಗೊತ್ತಲ್ಲ. ಟ್ರ್ಯಾಕ್ ಹಾಕಿ ಹಾಡುವವರು ಬಂದ ಮೇಲೆ ಹನ್ನೆರಡು ಜನರ ತಂಡ ಏಳಕ್ಕೆ ಇಳಿದಿದೆ. ನಾನು ಈ ಪೆಟ್ಟಿಗೆ ಕೊಂಡೆ ಅಂದರೆ ನಮ್ಮ ಮಾಲೀಕರು ಮಾಡುವ ಮೊದಲ ಲೆಕ್ಕ ಯಾವುದು? “ಬೇಸ್ ನಿಮ್ಮ ಲ್ಯಾಪ್‌ಟಾಪಲ್ಲೇ ಇದೆಯಲ್ಲ, ವ್ಯಾನಲ್ಲಿ ಒಂದು ಸೀಟು ಉಳೀತು!” ನನ್ನ 25 ಸಾವಿರ ಹೋಗಿ ಅಣ್ಣನ ಅನ್ನಕ್ಕೆ ಕೈ ಹಾಕುವುದು ಅಂದರೆ...

ಹಾಗಾದರೆ ಅಣ್ಣನ ಗಿಟಾರನ್ನೇ ಮನೆಯಲ್ಲಿ ರೆಕಾರ್ಡ್ ಮಾಡಬಾರದೇ? ಮಾಡಿದೆವು. ಬಾಡಿಗೆ ಮನೆಯ ಅರ್ಥಿಂಗ್ ಸರಿಯಿಲ್ಲ, ಗಿಟಾರು ನೊಣದ ಹಾಗೆ ಗುಂಯ್‌ಗುಡುತ್ತದೆ. ಅದನ್ನಾದರೂ ಸರಿಮಾಡಬಹುದು. ಆದರೆ ಮಾರನೇ ದಿನ ಗಾಯಕಿ, “ಅಣ್ಣಾ, ಶ್ರುತಿ ಒಂದು ಮನೆ ಇಳಿಸಿ” ಅಂತಾರೆ. ನಿರ್ದೇಶಕರು “ಸ್ವಲ್ಪ ಸ್ಪೀಡ್ ಮಾಡಿ” ಅಂತಾರೆ. ಆಗ ಅಣ್ಣ ಮತ್ತೆ ಬಸ್ ಹತ್ತಿ ಬರಬೇಕು. ಸಾಫ್ಟ್‌ವೇರಿನಲ್ಲಾದರೆ ಎರಡು ಗುಂಡಿ ಒತ್ತಿದರೆ ಕೆಲಸ ಮುಗಿಯಿತು.

ಕೊನೆಗೆ ಬೆಂಗಳೂರಿನ ಗೆಳೆಯನೊಬ್ಬನ ಸ್ಟುಡಿಯೋದಲ್ಲಿ ಟ್ರಿಲಿಯನ್ ಇದೆ ಅಂತ ತಿಳಿದು, ಒಂದು ರಾತ್ರಿ ಅಲ್ಲಿಗೆ ಹೋದೆ. ಅಣ್ಣನನ್ನೂ ಕರೆದುಕೊಂಡೇ ಹೋದೆ. ಮುಚ್ಚುಮರೆ ಯಾಕೆ?

ಮೊದಲು ನಾನು ನುಡಿಸಿದೆ. ಅಬ್ಬಾ, ಆ ಸದ್ದೇ! ಎದೆಗೂಡು ಅದುರಿತು. ಅದೇ ತಿರಸ್ಕೃತ ಹಾಡಿಗೆ ಎರಡೂ ಕೈ ಬಳಸಿ ತುಂಬಿದ್ದೇ ತುಂಬಿದ್ದು. ಅಣ್ಣ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, “ಸರಿ ಏಳು” ಅಂದು ಕೀಬೋರ್ಡ್ ಮುಂದೆ ತಾವು ಕೂತರು. ಅವರಿಗೆ ಕೀಬೋರ್ಡ್ ಬರುವುದಿಲ್ಲ. ಒಂದೇ ಬೆರಳು! ಕಿಕ್ ಡ್ರಮ್ ಬಿದ್ದ ಕಡೆ ಒಂದು ಸ್ವರ, ಆಮೇಲೆ ಸುಮ್ಮನೆ. ಪಲ್ಲವಿ ಮುಗಿಯುವಲ್ಲಿ ಮಾತ್ರ ಮೂರು ಸ್ವರ ಹತ್ತಿ ಇಳಿದರು. ನಾನು ನುಡಿಸಿದ್ದರ ಕಾಲು ಭಾಗವೂ ಇಲ್ಲ. ಗೆಳೆಯ ಮಿಕ್ಸರ್ ಬಿಟ್ಟು ಎದ್ದು ನಿಂತ.

“ನೀನು ಎಲ್ಲಾ ಕಡೆ ನುಡಿಸ್ತೀಯ ಕಣೋ ತಮ್ಮ, ಡ್ರಮ್ಮಿಗೂ ಉಸಿರಾಡೋಕೆ ಜಾಗ ಬೇಡ್ವಾ?” ಅಂದರು ಅಣ್ಣ. ಅಷ್ಟೇ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಲೆಕ್ಕ ಸರಿಹೋಯಿತು. ಪೆಟ್ಟಿಗೆಯಲ್ಲಿ ಸದ್ದು ಇದೆ, ಅದು 25 ಸಾವಿರಕ್ಕೆ ಮೋಸವಿಲ್ಲ. ಅದಕ್ಕೆ ನುಡಿಸುವ ಬುದ್ಧಿ ಅಣ್ಣನ ಹತ್ತಿರ ಇದೆ. ಹಾಗಾಗಿ ಕೊಳ್ಳುತ್ತೇನೆ, ಆದರೆ ಮನೆಯ ಕಂಪ್ಯೂಟರಿಗೆ ಮಾತ್ರ. ಸ್ಟೇಜಿಗೆ ಅದು ಬರುವುದಿಲ್ಲ ಅಂತ ಮಾಲೀಕರಿಗೆ ಈಗಲೇ ಹೇಳಿದ್ದೇನೆ. ಮುಖ ಸಿಂಡರಿಸಿದರು, ಪರವಾಗಿಲ್ಲ. ನಾನು ಮಾಡುವ ಪ್ರತಿ ಟ್ರ್ಯಾಕಿಗೆ ಬೇಸನ್ನು ಅಣ್ಣನೇ ಒಂದು ಬೆರಳಿನಲ್ಲಿ ಕೂರಿಸುವುದು, ಬಂದ ದುಡ್ಡಿನಲ್ಲಿ ಅವರ ಪಾಲು ಅವರಿಗೆ.

ಈಗಷ್ಟೇ ಶುರುಮಾಡುವ ತಮ್ಮಂದಿರಿಗೆ ಒಂದು ಮಾತು: ನನ್ನ ನೋಡಿ ನೀವೂ ದುಡ್ಡು ಸುರಿಯಬೇಡಿ. ಆಂಪಲ್ ಸೌಂಡ್ ಕಂಪನಿಯ ‘ಆಂಪಲ್ ಬೇಸ್ ಪಿ ಲೈಟ್’ ಪುಕ್ಕಟೆ ಸಿಗುತ್ತದೆ. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸಿನ ತರಹದ ಸದ್ದು. ಆರು ತಿಂಗಳು ಅದರಲ್ಲಿ ಹಳೇ ಹಾಡುಗಳ ಬೇಸನ್ನು ಹುಡುಕಿ ಹುಡುಕಿ ನುಡಿಸಿ. ಅದು ಸಾಲದು ಅನ್ನಿಸಿದ ದಿನ ದೊಡ್ಡದರ ಯೋಚನೆ ಮಾಡಿ.

ನನ್ನದು ಗಣೇಶನ ಸೀಸನ್ ಮುಗಿದ ಮೇಲೆ. 34 ಜಿಬಿ ಇಳಿಸಲು ನಮ್ಮ ಬೀದಿಯ ಇಂಟರ್‌ನೆಟ್ಟಿಗೆ ಎಷ್ಟು ದಿನ ಬೇಕೋ ಆ ವಿನಾಯಕನಿಗೇ ಗೊತ್ತು. ಅಣ್ಣ ಆಗಲೇ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ: “ಅದ್ರಲ್ಲಿ ಫ್ರೆಟ್‌ಲೆಸ್ ಬೇಸೂ ಇದೆಯಂತಲ್ಲೋ, ಹೌದಾ?”

ಇದೆ ಅಂದಿದ್ದೇನೆ.