ಹೊಟ್ಟೆಯಡಿ ಹೋಗದ ಜಾಕು

ನನ್ನ ಎಡ ಮೊಣಕಾಲಿಗೆ ಒಂದು ಗೇಣು ಕೆಳಗೆ ಎರಡು ರೂಪಾಯಿ ನಾಣ್ಯದಗಲದ ಕಪ್ಪು ಕಲೆಯಿದೆ. ಕೇಳಿದವರಿಗೆ ‘ಸೈಲೆನ್ಸರ್ ತಾಗಿತು’ ಅನ್ನುತ್ತೇನೆ. ಬೈಕ್ ಓಡಿಸುವವರ ಕಾಲಲ್ಲಿ ಅಂಥದ್ದೊಂದು ಇದ್ದೇ ಇರುತ್ತದಾದ್ದರಿಂದ ಯಾರೂ ಮುಂದಕ್ಕೆ ಕೆದಕುವುದಿಲ್ಲ. ಸುಡುತ್ತಿದ್ದರೂ ನಾನು ಕಾಲನ್ನು ಯಾಕೆ ತೆಗೆಯಲಿಲ್ಲ ಅನ್ನುವುದು ಬೇರೆಯೇ ಕಥೆ.

ಗಾಡಿ ಹಾರ್ಲೆ ಡೇವಿಡ್‌ಸನ್ ಐರನ್ 883. ಸೆಕೆಂಡ್ ಹ್ಯಾಂಡ್. ಬ್ಯಾಂಕ್ ನೌಕರಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಮೇಲೆ, 46ನೇ ವಯಸ್ಸಿನಲ್ಲಿ ಮಾಡಿದ ಒಂದೇ ಒಂದು ದುಂದುವೆಚ್ಚ. ಅದರ ತೂಕ 256 ಕೆ.ಜಿ. ಅಂದರೆ ನಮ್ಮನೆಯ ಹಳೇ ಸ್ಪ್ಲೆಂಡರ್‌ನಂಥ ಎರಡು ಗಾಡಿಗಿಂತ ಹೆಚ್ಚು. ಕೂರುವುದಕ್ಕೆ ತಗ್ಗು, ನೋಡುವುದಕ್ಕೆ ಚೆಂದ. ಮಲೆನಾಡಿನ ರೋಡ್ ಹಂಪ್‌ಗಳ ಮೇಲೆ ಮಾತ್ರ ಹೊಟ್ಟೆ ತಾಗಿಸಿಕೊಂಡೇ ದಾಟುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಫೋರ್ಕಿನ ಒಂದು ಕಾಲಿನ ಮೇಲೆ ಎಣ್ಣೆಯ ಉಂಗುರ ಕಾಣಿಸಿತು. ಒರೆಸಿದೆ. ಮಾರನೇ ದಿನ ಮತ್ತೆ ಇತ್ತು. ಫೋರ್ಕ್ ಸೀಲ್ ಹೋಗಿದೆ. ಆ ಎಣ್ಣೆ ಹಾಗೇ ಇಳಿದು ಡಿಸ್ಕಿಗೆ ಹತ್ತಿದರೆ ಬ್ರೇಕು ಹಿಡಿಯುವುದಿಲ್ಲ. ಸರ್ವಿಸ್‌ಗೆ ಅಂತ ಶಿವಮೊಗ್ಗದಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್ ಆ ಬ್ರೇಕನ್ನು ನಂಬಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಊರಲ್ಲಿ ಬುಲೆಟ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರು ನೋಡಿ ಹೇಳಿದರು: “ಸಾರ್, ಸೀಲ್ ಹಾಕೋದು ದೊಡ್ಡ ಕೆಲ್ಸ ಅಲ್ಲ. ಆದ್ರೆ ಇದನ್ನ ಎತ್ತಿ ನಿಲ್ಸೋಕೆ ನನ್ ಹತ್ರ ಏನೂ ಇಲ್ಲ. ನೀವು ಫೋರ್ಕ್ ಬಿಚ್ಚಿ ತಂದ್ಕೊಡಿ, ಸೀಲ್ ಹಾಕಿ ಎಣ್ಣೆ ತುಂಬಿ ಕೊಡ್ತೀನಿ.”

ಸ್ಪ್ಲೆಂಡರ್ ಆಗಿದ್ದರೆ ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೊಂದು ಕಲ್ಲು ಕೊಟ್ಟರೆ ಮುಂದಿನ ಚಕ್ರ ತಾನಾಗಿ ಎದ್ದು ನಿಲ್ಲುತ್ತಿತ್ತು. ಇದಕ್ಕೆ ಇರುವುದು ಸೈಡ್ ಸ್ಟ್ಯಾಂಡ್ ಒಂದೇ. ಹಾಗಾಗಿ ಕಾರಿನ ಗ್ಯಾರೇಜಿನಲ್ಲಿ ಕಾಣುವಂಥ 2 ಟನ್ನಿನ ಟ್ರಾಲಿ ಜಾಕು ಕೊಂಡು ತಂದೆ. ಎರಡು ಸಾವಿರ ಕೆ.ಜಿ. ಎತ್ತುವುದಕ್ಕೆ ಕಾಲು ಟನ್ನಿನ ಗಾಡಿ ಯಾವ ಲೆಕ್ಕ ಅಂದುಕೊಂಡೆ. ಲೆಕ್ಕ ಹಾಕಬೇಕಿದ್ದದ್ದು ಟನ್ನಿನಲ್ಲಲ್ಲ, ಮಿಲಿಮೀಟರಿನಲ್ಲಿ ಅಂತ ಗೊತ್ತಾದದ್ದು ಭಾನುವಾರ ಬೆಳಿಗ್ಗೆ.

ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅಂಗಳದಲ್ಲಿ ಗಾಡಿ ನಿಲ್ಲಿಸಿ ಬಲಗಡೆಯಿಂದ ಜಾಕು ತಳ್ಳಿದೆ. ಅರ್ಧ ಹೋಗಿ ಕರ್ ಅಂತ ಕಚ್ಚಿಕೊಂಡಿತು. ನೆಲಕ್ಕೆ ಕೆನ್ನೆ ಕೊಟ್ಟು ನೋಡಿದೆ. ಎಂಜಿನ್ನಿನ ಅಡಿ ಎರಡು ಫ್ರೇಮ್ ಪೈಪುಗಳು ಹಾದುಹೋಗುತ್ತವೆ. ಟೇಪು ಹಿಡಿದರೆ, ಗಾಡಿ ನೆಟ್ಟಗೆ ನಿಂತಾಗ ನೆಲಕ್ಕೂ ಪೈಪಿಗೂ ನಡುವೆ 140 ಮಿ.ಮೀ. ಪೂರ್ತಿ ಇಳಿಸಿದ ಜಾಕಿನ ತಲೆ 135. ಐದು ಮಿ.ಮೀ. ಮಿಕ್ಕಿತಲ್ಲ ಅಂತ ಸಂತೋಷಪಡುವ ಹಾಗಿರಲಿಲ್ಲ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿದಾಗ ಎಡಗಡೆಯ ಪೈಪು ಇನ್ನಷ್ಟು ತಗ್ಗುತ್ತದೆ, ಜಾಕು ಕಚ್ಚಿಕೊಂಡದ್ದು ಅಲ್ಲಿಯೇ. ಅದರ ಮೇಲೆ, ಎರಡೂ ಪೈಪನ್ನು ಒಟ್ಟಿಗೆ ಹಿಡಿಯುವಷ್ಟು ಜಾಕಿನ ತಲೆ ಅಗಲವಿಲ್ಲ. ಅಡ್ಡಲಾಗಿ ಪ್ಲೈವುಡ್ ತುಂಡು ಬೇಕೇ ಬೇಕು. ಅದು 18 ಮಿ.ಮೀ. ಒಟ್ಟು 153. ಜಾಕನ್ನು ಅದಕ್ಕಿಂತ ತಗ್ಗಿಸಲಾಗದು. ಉಳಿದ ದಾರಿ ಒಂದೇ, ಗಾಡಿಯನ್ನೇ ಎತ್ತರಿಸುವುದು. ಎತ್ತುವ ಸಾಮಾನು ಅಡಿಗೆ ಹೋಗಬೇಕಾದರೆ ಮೊದಲು ಎತ್ತಿರಬೇಕು!

ಮನೆ ಕಟ್ಟಿದಾಗ ಉಳಿದ 40 ಮಿ.ಮೀ. ದಪ್ಪದ ಸೆಂಟ್ರಿಂಗ್ ಹಲಗೆಗಳು ಹಿತ್ತಲಲ್ಲಿದ್ದವು. ಗಾಡಿ ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ನಡೆಯುತ್ತ, ಕ್ಲಚ್ಚಿನಲ್ಲೇ ಆಡಿಸಿ ಎರಡೂ ಚಕ್ರ ಹಲಗೆಯ ಮೇಲೆ ಹತ್ತಿಸಿದೆ. ಸ್ಟ್ಯಾಂಡ್ ಇಳಿಸಿ ವಾಲಿಸಿದರೆ ಗಾಡಿ ವಾಲುತ್ತಲೇ ಹೋಯಿತು. ಚಕ್ರ ಮೇಲಿದೆ, ಸ್ಟ್ಯಾಂಡ್ ನೆಲದಲ್ಲಿದೆ. ಅದಕ್ಕೂ ಒಂದು ಹಲಗೆ ಬೇಕು ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ಹೇಗೋ ತಡೆದು, ಕಾಲಲ್ಲಿ ಹಲಗೆ ಎಳೆದುಕೊಂಡು ಸ್ಟ್ಯಾಂಡಿನಡಿ ಸೇರಿಸಿದೆ. ಆ ಒಂದು ಎಚ್ಚರಿಕೆ ಸಾಕಾಗಬೇಕಿತ್ತು. ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಿತ್ತು. ಭಾನುವಾರ, ಮಲಗಿರುತ್ತಾನೆ, ಯಾಕೆ ಎಬ್ಬಿಸುವುದು ಅಂತ ಸುಮ್ಮನಾದೆ. ನಿಜ ಹೇಳಬೇಕೆಂದರೆ, ಒಬ್ಬನೇ ಮಾಡಿದೆ ಅಂತ ಆಮೇಲೆ ಹೇಳಿಕೊಳ್ಳುವ ಆಸೆಯೂ ಇತ್ತು.

ಈಗ ಪ್ಲೈವುಡ್ ಹೊತ್ತ ಜಾಕು ಸರಾಗವಾಗಿ ಒಳಗೆ ಹೋಯಿತು. ಹ್ಯಾಂಡಲ್ ಒತ್ತಿದೆ. ಎಡಕ್ಕೆ ವಾಲಿದ್ದ ಗಾಡಿ ನಿಧಾನಕ್ಕೆ ನೆಟ್ಟಗಾಯಿತು. ಮತ್ತೆ ನಾಲ್ಕು ಸಲ ಒತ್ತಿದೆ. ಮುಂದಿನ ಚಕ್ರ ಹಲಗೆಯಿಂದ ಎರಡು ಬೆರಳು ಮೇಲೆದ್ದಿತು. ಇನ್ನೊಂದು ಸಲ ಒತ್ತಿದ್ದೇ ತಡ, ಗಾಡಿ ನನ್ನ ಮೇಲೆ ಬಂತು.

ಆಮೇಲೆ ಯೋಚಿಸಿದಾಗ ಕಾರಣ ತಿಳಿಯಿತು. ಟ್ರಾಲಿ ಜಾಕಿನ ತೋಳು ನೆಟ್ಟಗೆ ಮೇಲೇಳುವುದಿಲ್ಲ, ಕಮಾನಿನಂತೆ ಏಳುತ್ತದೆ. ಏಳುತ್ತ ಏಳುತ್ತ ಅದರ ತಲೆ ಹ್ಯಾಂಡಲಿನ ಕಡೆಗೆ ಸರಿಯುತ್ತದೆ. ಅದಕ್ಕೆಂದೇ ಜಾಕಿಗೆ ಚಕ್ರಗಳಿರುವುದು. ತಲೆ ಹಿಂದೆ ಬಂದಷ್ಟೂ ಜಾಕು ತಾನು ಮುಂದಕ್ಕೆ ಉರುಳಿ ಸರಿದೂಗಿಸಿಕೊಳ್ಳಬೇಕು. ಗ್ಯಾರೇಜಿನ ನುಣುಪು ನೆಲದಲ್ಲಿ ಹಾಗೇ ಆಗುತ್ತದೆ. ನಮ್ಮ ಅಂಗಳದ್ದು ತರಿ ಸಿಮೆಂಟು, ಅದರಲ್ಲೊಂದು ಬಿರುಕು. ಜಾಕಿನ ಕಬ್ಬಿಣದ ಗಾಲಿ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಜಾಕು ಮುಂದೆ ಹೋಗದಿದ್ದಾಗ ಅದರ ತಲೆ ಗಾಡಿಯನ್ನೇ ಈಚೆಗೆ ಎಳೆಯಿತು. ಈಚೆಗೆ ಇದ್ದವನು ನಾನು.

ಎರಡೂ ಕೈಯಲ್ಲಿ ತಡೆದೆ. ಒಂದು ಕೈ ಹ್ಯಾಂಡಲ್ ಬಾರಿನಲ್ಲಿ, ಇನ್ನೊಂದು ಸೀಟಿನ ಕೆಳಗೆ, ಸೊಂಟ ಟ್ಯಾಂಕಿಗೆ. ಈ ಗಾಡಿಗೆ ಎರಡು ಸೈಲೆನ್ಸರೂ ಬಲಗಡೆಗೇ. ಹಲಗೆ ಹತ್ತಿಸುವಾಗ ಕಾದದ್ದು ಇನ್ನೂ ಆರಿರಲಿಲ್ಲ. ನಾನು ತೊಟ್ಟಿದ್ದದ್ದು ಬರ್ಮುಡಾ. ಚರ್ಮ ಸುಟ್ಟದ್ದು ಗೊತ್ತಾಯಿತು, ಕಾಲು ಹಿಂದಿಟ್ಟರೆ ಗಾಡಿ ಪೂರ್ತಿ ಮೈಮೇಲೆ ಬರುತ್ತದೆ ಅನ್ನುವುದೂ ಗೊತ್ತಾಯಿತು. ಪಾದವನ್ನು ತಿರುಚಿ ಕಾಲನ್ನು ಎರಡಿಂಚು ಸರಿಸಿದೆ, ಅಷ್ಟೇ ಸಾಧ್ಯವಾದದ್ದು. ಇಳಿಸುವುದಕ್ಕೆ ಜಾಕಿನ ಹ್ಯಾಂಡಲ್ ತಿರುಗಿಸಬೇಕು. ಅದು ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಆದರೆ ಬಿಡುವುದಕ್ಕೆ ಮೂರನೇ ಕೈ ಇರಲಿಲ್ಲ. ಜಗಲಿಯ ಮೇಲಿಟ್ಟ ಫೋನು ಒಮ್ಮೆ ಬಡಿದುಕೊಂಡು ನಿಂತಿತು.

ಕೂಗಿದೆ. ಎದುರುಮನೆಯಲ್ಲಿ ಭದ್ರಾವತಿ ಆಕಾಶವಾಣಿ ಜೋರಾಗಿತ್ತು, ಯಾರಿಗೂ ಕೇಳಲಿಲ್ಲ. ನಾನು ಗಾಡಿ ಹಿಡಿದದ್ದು ಒಂದು ಚಿತ್ರಗೀತೆಯ ನಡುವೆ. ಅದು ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದೂ ಮುಗಿಯಿತು. ತೊಡೆ ನಡುಗತೊಡಗಿತು. ಬಿಟ್ಟು ಹಾರಿಬಿಡೋಣ, ಹೋದರೆ ಗಾಡಿ ಹೋಗಲಿ ಅಂತ ಅನ್ನಿಸಿತು. ಹಿಂದಕ್ಕೆ ಹಾರಲು ಜಾಕಿನ ಉದ್ದ ಹ್ಯಾಂಡಲ್ ಎರಡು ಕಾಲಿನ ನಡುವೆ ಅಡ್ಡ ಇತ್ತು. ಎಡವಿ ಬಿದ್ದರೆ ಗಾಡಿಯ ಅಡಿಗೇ.

ನಾಲ್ಕನೇ ಹಾಡಿನ ಹೊತ್ತಿಗೆ ಗೇಟಿನಲ್ಲಿ “ದಂಟೂ... ಹರಿವೇ... ಕೊತ್ತಂಬ್ರೀ...” ಅಂತ ಕೇಳಿಸಿತು.

“ಅಕ್ಕಾ, ಒಳಗೆ ಬಾ! ಬೇಗ ಬಾ!”

ಸೊಪ್ಪಿನಕ್ಕ ಬುಟ್ಟಿ ಇಳಿಸಿ ಬಂದಳು. ನನ್ನನ್ನೂ ಗಾಡಿಯನ್ನೂ ಒಮ್ಮೆ ನೋಡಿದಳು. “ಅಯ್ಯೋ ಅಣ್ಣಾ, ಒಬ್ರೇನಾ?” ಅಂದಳು.

“ಆ ಕಬ್ಬಿಣದ ಕೋಲನ್ನ ಎಡಕ್ಕೆ ತಿರುಗ್ಸಕ್ಕಾ, ಮೆಲ್ಲಗೆ.”

ಅವಳು ಅದನ್ನು ಮುಟ್ಟಲಿಲ್ಲ. “ತಡೀರಿ, ಮೊದ್ಲು ಏನಾರಾ ಆನಿಸ್ಬೇಕು” ಅಂದವಳೇ ಕಾಂಪೌಂಡಿನ ಪಕ್ಕದ ಬಾಳೆಗಿಡದ ಹತ್ತಿರ ಹೋದಳು. ಗೊನೆಯ ಭಾರಕ್ಕೆ ಬಾಗಿದ್ದ ಗಿಡಕ್ಕೆ ನಾನೇ ಕವೆಗೋಲು ಕೊಟ್ಟಿದ್ದೆ. ಅದನ್ನು ಕಿತ್ತು ತಂದು, ಕವಲನ್ನು ಹ್ಯಾಂಡಲ್ ಬಾರಿನ ಅಡಿಗೆ ಕೊಟ್ಟು, ಬುಡವನ್ನು ಅಂಗಳದ ಅದೇ ಬಿರುಕಿಗೆ ಒದ್ದು ಊರಿದಳು. ನನ್ನ ಭುಜದ ಮೇಲಿನ ಭಾರ ಅರ್ಧಕ್ಕರ್ಧ ಇಳಿಯಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಹೇಳಿದ ಕೋಲನ್ನು ತಿರುಗಿಸಿದಳು. ಮೆಲ್ಲಗೆ ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಗಾಡಿ ಧಡ್ ಅಂತ ಹಲಗೆಯ ಮೇಲೆ ಕೂತಿತು. ನಾನು ಎಡಕ್ಕೆ ದೂಡಿದೆ, ಸ್ಟ್ಯಾಂಡ್ ಹಿಡಿಯಿತು. ಜಗಲಿಯ ಮೇಲೆ ಕೂತಾಗ ಕೈ ಮುಷ್ಟಿ ಬಿಚ್ಚಲು ಬರಲಿಲ್ಲ. ಅವಳೇ ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಹೊಯ್ದಳು.

ಮುಂದಿನ ಭಾನುವಾರದ ಕೆಲಸಕ್ಕೆ ಹೆಂಡತಿ ಇದ್ದಳು, ಪಕ್ಕದ ಮನೆಯ ಹುಡುಗ ಇದ್ದ. ಅಂಗಳ ಬಿಟ್ಟು ಗ್ರಾನೈಟ್ ಹಾಸಿದ ಪೋರ್ಚಿಗೆ ಬಂದೆವು. ತೂಗುಮಣೆಗೆ ಅಂತ ಚಾವಣಿಗೆ ಹಾಕಿಸಿದ್ದ ಎರಡು ಕೊಂಡಿಗಳಿಂದ ಹ್ಯಾಂಡಲ್ ಬಾರಿನ ಎರಡೂ ಕಡೆಗೆ ಲಗೇಜ್ ಪಟ್ಟಿ ಬಿಗಿದೆ. ಎತ್ತುವುದಕ್ಕಲ್ಲ, ವಾಲಿದರೆ ತಡೆಯುವುದಕ್ಕೆ. ಗಾಡಿಯನ್ನು ಗೇರಿಗೆ ಹಾಕಿದೆ, ಮುಂದಿನ ಚಕ್ರ ಮೇಲೆದ್ದ ಮೇಲೆ ಹಿಡಿದುಕೊಳ್ಳುವುದು ಹಿಂದಿನದ್ದೊಂದೇ. ಸೈಲೆನ್ಸರ್ ಪೂರ್ತಿ ತಣ್ಣಗಾಗುವವರೆಗೆ ಕಾಫಿ ಕುಡಿದೆವು. ಆಮೇಲೆ ಇಬ್ಬರು ಎರಡು ಕಡೆ ಹಿಡಿದುಕೊಂಡರು, ನಾನು ಒತ್ತಿದೆ. ಈ ಸಲ ಜಾಕು ತಾನಾಗಿ ಎರಡು ಬೆರಳಗಲ ಮುಂದಕ್ಕೆ ಉರುಳಿದ್ದನ್ನು ಕಣ್ಣಾರೆ ನೋಡಿದೆ. ಎತ್ತಿದ ಕೂಡಲೇ ಫ್ರೇಮ್ ಪೈಪುಗಳ ಅಡಿಗೆ ಹಲಸಿನ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಭಾರ ಅವುಗಳ ಮೇಲೆ ಕೂರಿಸಿದೆ. ಸಿಮೆಂಟ್ ಇಟ್ಟಿಗೆ ಕೈಗೆ ಹತ್ತಿರವೇ ಇತ್ತು, ಆದರೆ ಅದು ಹೇಳದೆ ಕೇಳದೆ ಸಿಡಿಯುತ್ತದೆ.

ಚಕ್ರ, ಫೋರ್ಕು ಬಿಚ್ಚಿ ಮೆಕ್ಯಾನಿಕ್‌ಗೆ ಕೊಟ್ಟೆ. ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಜಾಕಿನ ತಲೆ ಪ್ಲೈವುಡ್ಡಿನಿಂದ ಒಂದು ಬೆರಳು ಕೆಳಗೆ ಇಳಿದಿತ್ತು. ರಾತ್ರಿಯಿಡೀ ಒಳಗಿನ ಎಣ್ಣೆ ಸದ್ದಿಲ್ಲದೆ ಜಾರಿ, ಜಾಕು ತನ್ನ ಪಾಡಿಗೆ ತಾನು ತಗ್ಗಿತ್ತು. ಗಾಡಿ ಮಾತ್ರ ಕದಲಿರಲಿಲ್ಲ, ಹಲಸಿನ ದಿಮ್ಮಿಯ ಮೇಲೆ ಕೂತಿತ್ತು.

ಅಷ್ಟರಲ್ಲಿ ಸೊಪ್ಪಿನಕ್ಕ ಬಂದಳು. ಚಾವಣಿಗೆ ಕಟ್ಟಿದ ಪಟ್ಟಿ, ದಿಮ್ಮಿ, ಹಲಗೆ, ಮುಂದಿನ ಚಕ್ರವಿಲ್ಲದೆ ನಿಂತ ಗಾಡಿ, ಎಲ್ಲವನ್ನೂ ನಾನು ಹೆಮ್ಮೆಯಿಂದ ತೋರಿಸಿದೆ. ಅವಳ ಕಣ್ಣು ಕಾಂಪೌಂಡಿನ ಕಡೆಗಿತ್ತು. ಬಾಳೆಗಿಡ ಬುಡಕ್ಕೇ ಮುರಿದು, ಬಲಿಯದ ಗೊನೆಯ ಸಮೇತ ನೆಲಕ್ಕೆ ಒರಗಿ ವಾರವಾಗಿತ್ತು. ಅವತ್ತು ರಾತ್ರಿಯ ಗಾಳಿಗೆ ಬಿದ್ದದ್ದು.

“ಅಣ್ಣಾ, ಕವೆ ತಿರುಗಿ ಕೊಡ್ಲಿಲ್ವಾ ಅದಕ್ಕೆ?”

ಅದಿನ್ನೂ ಅಂಗಳದಲ್ಲಿ, ಅವಳು ಇಳಿಸಿಟ್ಟ ಜಾಗದಲ್ಲೇ ಬಿದ್ದಿತ್ತು. ನಾನು ಎರಡು ಕಟ್ಟು ದಂಟಿನ ಸೊಪ್ಪು ತೆಗೆದುಕೊಂಡೆ. ಮನೆಯಲ್ಲಿ ವಾರದಿಂದ ಬಾಳೆಕಾಯಿ ಪಲ್ಯವೇ ನಡೆಯುತ್ತಿತ್ತು.